ಎರಡು ಸುತ್ತು ಮುಂದಿದ್ದರೂ ಸಿಗದ ಪಾರಿತೋಷಕ



ಕ್ರೀಡೆಗೆ ಬಣ್ಣವಿಲ್ಲ ಎಂಬ ಮಾತನ್ನು ಬಹುಮಾನ ವಿತರಣೆಯ ವೇದಿಕೆಗಳಲ್ಲಿ ನಾವು ಪದೇ ಪದೇ ಕೇಳುತ್ತೇವೆ. ಮುಂದೆ ಓಡಿದವನು ಯಾರೆಂಬುದು ಎಲ್ಲರ ಕಣ್ಣಿಗೂ ಕಾಣುವಾಗ ಪಕ್ಷಪಾತಕ್ಕೆ ಎಡೆಯೆಲ್ಲಿ ಎಂಬುದು ಇದರ ಹಿಂದಿನ ತರ್ಕ. ಈ ತರ್ಕವನ್ನು ಒಪ್ಪುವ ಮುನ್ನ ಅಮೆರಿಕದ ಕಾರ್ ರೇಸ್ ಚಾಲಕ ವೆಂಡೆಲ್ ಸ್ಕಾಟ್‌ರ ಬದುಕನ್ನೊಮ್ಮೆ ಗಮನಿಸಬೇಕು.

ಕರಿಯ ಜನಾಂಗದ ಸ್ಕಾಟ್ ಹುಟ್ಟಿದ್ದು 1921ರಲ್ಲಿ, ವರ್ಜೀನಿಯಾದ ಡ್ಯಾನ್‌ವಿಲ್‌ನಲ್ಲಿ. ದ್ವಿತೀಯ ಮಹಾಯುದ್ಧದಲ್ಲಿ ಸೇನೆಯ ಮೆಕ್ಯಾನಿಕ್ ಆಗಿದ್ದವರು. ಊರಿಗೆ ಮರಳಿದ ಮೇಲೆ ಕಾರಿನಲ್ಲಿ ಕಳ್ಳಭಟ್ಟಿ ಸಾಗಿಸಿದ್ದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. 1952ರಲ್ಲಿ ಸ್ಥಳೀಯ ರೇಸಿನ ಸಂಘಟಕರು ಜನರನ್ನು ಸೆಳೆಯಲೆಂದು ಒಬ್ಬ ಕರಿಯ ಚಾಲಕನನ್ನು ಹುಡುಕಿದಾಗ, ಸ್ಕಾಟ್‌ರ ಹೆಸರು ಸೂಚಿಸಿದವರು ಅವರನ್ನು ಬೆನ್ನಟ್ಟಿದ್ದ ಪೊಲೀಸರೇ! ಬಾಗಿಲು ತೆರೆದದ್ದು ನ್ಯಾಯಪ್ರಜ್ಞೆಯಿಂದಲ್ಲ, ಟಿಕೆಟ್ ಮಾರುವ ಆಸೆಯಿಂದ ಎಂಬುದನ್ನು ನೆನಪಿಡಿ. ನಾಸ್ಕಾರ್ ಸಂಸ್ಥೆಯ ರೇಸಿಗೆ ಹೋದಾಗ ಬಣ್ಣದ ಕಾರಣಕ್ಕೆ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. 1961ರಲ್ಲಿ ಅದರ ಅಗ್ರ ಶ್ರೇಣಿಗೆ ಪ್ರವೇಶ ದೊರೆತರೂ ದೊಡ್ಡ ಪ್ರಾಯೋಜಕರು ದೊರೆಯಲಿಲ್ಲ. ಹಳೆಯ ಕಾರುಗಳನ್ನು ತಾವೇ ದುರಸ್ತಿ ಮಾಡಿ, ಮಕ್ಕಳನ್ನೇ ಸಹಾಯಕರನ್ನಾಗಿಸಿಕೊಂಡು ಸ್ಪರ್ಧಿಸಿದರು. ಬೇಕೆಂದೇ ಗುದ್ದುವ ಎದುರಾಳಿಗಳೂ ಇದ್ದರು.

1963ರ ಡಿಸೆಂಬರ್ 1ರಂದು ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ 200 ಸುತ್ತುಗಳ ಸ್ಪರ್ಧೆ ನಡೆಯಿತು. ಸ್ಕಾಟ್ 200ನೆಯ ಸುತ್ತು ಮುಗಿಸಿದರು. ಗೆಲುವಿನ ಬಾವುಟ ಏಳಲಿಲ್ಲ. ಇನ್ನೂ ಎರಡು ಸುತ್ತು ಹಾಕಿದರು. ಪಾರಿತೋಷಕ ಮಾತ್ರ ಬಕ್ ಬೇಕರ್ ಎಂಬ ಬಿಳಿಯ ಚಾಲಕರ ಕೈಸೇರಿತು. ಪ್ರೇಕ್ಷಕರೆಲ್ಲ ಚದುರಿದ ಬಳಿಕ, ಎಣಿಕೆಯಲ್ಲಿ ತಪ್ಪಾಗಿದೆ, ಗೆದ್ದವರು ಸ್ಕಾಟ್ ಎಂದು ಅಧಿಕಾರಿಗಳು ಒಪ್ಪಿಕೊಂಡರು. ವಿಜೇತನಿಗೆ ಸುಂದರಿಯೊಬ್ಬಳು ಮುತ್ತಿಡುವ ಪದ್ಧತಿ ಅಲ್ಲಿತ್ತು. ಬಿಳಿಯ ಯುವತಿ ಕರಿಯನಿಗೆ ಮುತ್ತಿಡುವ ದೃಶ್ಯವನ್ನು ತಪ್ಪಿಸಲೆಂದೇ ಎಣಿಕೆ 'ತಪ್ಪಿತು' ಎಂದು ಅನೇಕರು ನಂಬುತ್ತಾರೆ. ಎಲ್ಲರೂ ಕಣ್ಣಾರೆ ಕಂಡ ಓಟವೇ ಅದು! ಆದರೆ ಲೆಕ್ಕದ ಹಾಳೆ ಇದ್ದುದು ಯಾರ ಕೈಯಲ್ಲಿ?

1973ರಲ್ಲಿ ಟಲ್ಲಡೇಗಾದ ಭೀಕರ ಅಪಘಾತ ಅವರ ವೃತ್ತಿಜೀವನಕ್ಕೆ ಬಹುತೇಕ ತೆರೆ ಎಳೆಯಿತು. 1990ರಲ್ಲಿ ಅವರು ನಿಧನರಾದರು. ಸಂಸ್ಥೆಯು ಅವರ ಕುಟುಂಬಕ್ಕೆ ಆ ಗೆಲುವಿನ ಪಾರಿತೋಷಕ ನೀಡಿದ್ದು 2021ರ ಆಗಸ್ಟ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ಬಬ್ಬಾ ವ್ಯಾಲೇಸ್ ಗೆದ್ದಾಗ, ಆ ಶ್ರೇಣಿಯಲ್ಲಿ ಸ್ಕಾಟ್‌ರ ನಂತರ ಗೆದ್ದ ಮೊದಲ ಕರಿಯ ಚಾಲಕ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಸಂಭ್ರಮಿಸಲಿ. ಆದರೆ ನಡುವಿನ 58 ವರ್ಷಗಳಲ್ಲಿ ಕರಿಯರಿಗೆ ಕಾರು ಓಡಿಸಲು ಬರುತ್ತಿರಲಿಲ್ಲವೇ? ಓಡಿಸುವವರಿದ್ದರು. ಒಳ್ಳೆಯ ಕಾರು ಕೊಟ್ಟು, ಹಣ ಹಾಕಿ, ಸೋತಾಗಲೂ ಮುಂದಿನ ವಾರ ಮತ್ತೆ ಕರೆಯುವವರಿರಲಿಲ್ಲ.