ತಾಯಿಮರ ಬಲ್ಲವರು

(ತುಳಸಿ ಗೌಡರ ಸ್ಮರಣೆಗಾಗಿ ಉತ್ತರ ಕನ್ನಡದಲ್ಲಿ ಸೇರಿದ್ದ ಸಭೆಯಲ್ಲಿ ತಾವರಗೇರಾದ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಠ್ಯ)



ನಾನು ಕುಷ್ಟಗಿ ತಾಲ್ಲೂಕಿನ ತಾವರಗೇರಾದಿಂದ ಬಂದವನು. ನಮ್ಮೂರಿನ ಹೆಸರಿನಲ್ಲಿ ತಾವರೆಯೂ ಇದೆ, ಕೆರೆಯೂ ಇದೆ. ಮಳೆ ಮಾತ್ರ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ನಿಮ್ಮ ಅಂಕೋಲೆಯ ಕಡೆ ಅದು 3000 ಮಿಲಿಮೀಟರನ್ನೂ ಮೀರುತ್ತದೆ. ಇಂತಹ ಬಯಲುಸೀಮೆಯವನಿಗೆ ಹೊನ್ನಳ್ಳಿಯ ತುಳಸಿ ಗೌಡರನ್ನು ಕುರಿತು ಮಾತನಾಡುವ ಅಧಿಕಾರವೆಲ್ಲಿಯದು ಎಂದು ನೀವು ಕೇಳಬಹುದು. ನಿಮಗೆ ಅವರು ನೆರೆಯವರು. ನಾನಾದರೋ ಅವರನ್ನು ಕಂಡವನೂ ಅಲ್ಲ. ಆದರೂ ಅವರನ್ನು ಗುರುವೆಂದು ಕರೆಯಲು ನನಗೊಂದು ಕಾರಣವಿದೆ. ಅದು ನನ್ನ ಸೋಲಿನ ಕಥೆ.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಆರಂಭದಲ್ಲಿ ಉದುರಿದ ಬೇವಿನ ಹಣ್ಣುಗಳನ್ನು ಮಕ್ಕಳಿಂದ ಆರಿಸಿ, ಬಿಸಿಲಿಗೆ ಒಣಗಿಸಿ, ತಗಡಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟೆ. ಮರುವರ್ಷ ಜೂನ್ 5ರ ಪರಿಸರ ದಿನಕ್ಕೆ ಅವನ್ನು ಬಿತ್ತಿಸಿದೆ. ಒಂದೂ ಮೊಳೆಯಲಿಲ್ಲ. ಮಕ್ಕಳು ಮನೆಯಿಂದ ಹೊತ್ತು ತಂದ ನೀರನ್ನು ದಿನವೂ ಹನಿಸಿದರು. ಕೊನೆಗೊಬ್ಬ ಹುಡುಗಿ, "ಸರ್, ಮಣ್ಣು ಕೆಟ್ಟೈತೇನ್ರೀ?" ಎಂದು ಕೇಳಿದಳು. ಮಣ್ಣು ಕೆಟ್ಟಿರಲಿಲ್ಲ. ಬೇವಿನ ಬೀಜ ವರ್ಷಗಟ್ಟಲೆ ಕಾಯುವ ಜಾತಿಯದಲ್ಲ. ಕೆಲವು ವಾರಗಳಲ್ಲೇ ಅದರ ಮೊಳೆಯುವ ಶಕ್ತಿ ಕುಗ್ಗತೊಡಗುತ್ತದೆ. ಪದವಿ ಪಡೆದ ನನಗೆ ತಿಳಿಯದಿದ್ದ ಇಂತಹ ಸಂಗತಿಗಳನ್ನು, ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗಳೊಬ್ಬರು ಕಾಡಿನ ಮರಮರಕ್ಕೂ ಬಲ್ಲವರಾಗಿದ್ದರೆಂದು ಓದಿದ ದಿನ ನನಗೆ ನಾಚಿಕೆಯಾಯಿತು.

ಅವರು ಹಾಲಕ್ಕಿ ಒಕ್ಕಲಿಗ ಸಮುದಾಯದ ಬಡ ಮನೆಯಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆ ತೀರಿಕೊಂಡರು. ನರ್ಸರಿಯ ಕೂಲಿಗೆ ಹೋಗುತ್ತಿದ್ದ ತಾಯಿಯ ಜೊತೆಗೆ ಹೋದ ಹುಡುಗಿ ಅಲ್ಲಿಯೇ ಕಲಿತಳು, ಅಲ್ಲಿಯೇ ದುಡಿದಳು. ಸುಮಾರು 35 ವರ್ಷ ಅರಣ್ಯ ಇಲಾಖೆಯ ದಿನಗೂಲಿ; ಅನಂತರವೇ ಕಾಯಂ ನೌಕರಿ. ಅವರು ನೆಟ್ಟ ಗಿಡಗಳೆಷ್ಟು ಎಂಬುದಕ್ಕೆ ಪತ್ರಿಕೆಗಳು ಒಮ್ಮೆ 30 ಸಾವಿರ ಎಂದವು, ಇನ್ನೊಮ್ಮೆ ಲಕ್ಷ ಎಂದವು. ನರ್ಸರಿಯ ಕೂಲಿಯಾಳು ಲೆಕ್ಕದ ಪುಸ್ತಕ ಇಡುವುದಿಲ್ಲ. ನನಗೂ ಆ ಸಂಖ್ಯೆಯಲ್ಲಿ ಆಸಕ್ತಿಯಿಲ್ಲ.

ನನ್ನ ಆಸಕ್ತಿ ಅವರ ತಾಯಿಮರದ ಜ್ಞಾನದಲ್ಲಿ. ಅರಣ್ಯಾಧಿಕಾರಿಯಾಗಿದ್ದ ಯಲ್ಲಪ್ಪ ರೆಡ್ಡಿಯವರು 80ರ ದಶಕದಲ್ಲಿ ಗುರುತಿಸಿ ಲೋಕಕ್ಕೆ ತಿಳಿಸಿದ್ದೂ ಇದನ್ನೇ. ವಿದ್ಯಾರ್ಥಿಗಳು ಗಮನಿಸಬೇಕು: ಬೀಜ ಆರಿಸಲು ಸುಲಭವಾದ ಮರವೇ ಒಳ್ಳೆಯ ಮರವಲ್ಲ. ರಸ್ತೆಬದಿಯಲ್ಲಿ ಒಂಟಿಯಾಗಿ ನಿಂತ ಮರ ಎಷ್ಟೋ ಸಲ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಅಂತಹ ಬೀಜದ ಸಸಿಗಳು ಸಾಮಾನ್ಯವಾಗಿ ದುರ್ಬಲ. ತನ್ನ ಜಾತಿಯ ಮರಗಳ ನಡುವೆ ದೃಢವಾಗಿ ಬೆಳೆದು, ರೋಗ ತಾಳಿ, ತುಂಬು ಫಲ ಕೊಡುವ ಮರವನ್ನು ಹುಡುಕಬೇಕು. ಆಮೇಲೆ ಹೊತ್ತು ಕಾಯಬೇಕು. ಹಲಸು, ನೇರಳೆ, ಧೂಪದ ಬೀಜಗಳು ಒಣಗಿದರೆ ಸಾಯುತ್ತವೆ. ತಾಜಾ ಇರುವಾಗಲೇ ಮಣ್ಣು ಸೇರಬೇಕು. ಸಾಗುವಾನಿಯದು ಬೇರೆಯೇ ಹಟ: ಗಟ್ಟಿ ಸಿಪ್ಪೆಯನ್ನು ಹಲವು ಬಾರಿ ನೆನೆಸಿ ಒಣಗಿಸದೆ ಅದು ಸರಿಯಾಗಿ ಮೊಳೆಯದು. ತುಳಸಿ ಗೌಡರಿಗೆ ಇದು ಪಾಠವಾಗಿರಲಿಲ್ಲ, ದಿನಚರಿಯಾಗಿತ್ತು. ಜನ ಅವರನ್ನು ಕಾಡಿನ ವಿಶ್ವಕೋಶವೆಂದರು. ವಿಶ್ವಕೋಶವನ್ನು ಕಪಾಟಿನಿಂದ ತೆಗೆದು ಓದಬಹುದು. ಇವರ ವಿದ್ಯೆಯನ್ನು ಪಕ್ಕದಲ್ಲಿ ಕುಳಿತು ಕಲಿಯಬೇಕಿತ್ತು. ಹಾಗೆ ಕುಳಿತವರೆಷ್ಟು ಮಂದಿ?

1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದವು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ನಾಡೆಲ್ಲ ಕಂಡಿತು. ಆ ಪಾದಗಳನ್ನು ನಾವು ಬಹಳ ಹೊಗಳಿದೆವು. ಆ ಕೈಗಳು ಮೂರೂವರೆ ದಶಕ ದಿನಗೂಲಿ ಎಣಿಸಿದ್ದನ್ನು ಅಷ್ಟಾಗಿ ಮಾತನಾಡಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿ ಆರಂಭಿಸಿದರು. ಸಹಜ ಕಾಡನ್ನು ಕಡಿದು ಸಾಗುವಾನಿ, ನೀಲಗಿರಿ ತೋಪು ಮಾಡುವುದರ ವಿರುದ್ಧ ಎದ್ದ ದನಿಯದು. ಅದೇ ಕಾಲದಲ್ಲಿ, ಇದೇ ಜಿಲ್ಲೆಯಲ್ಲಿ, ಅದೇ ಇಲಾಖೆಯ ನರ್ಸರಿಯಲ್ಲಿ ತುಳಸಿ ಗೌಡರು ಸಸಿ ಬೆಳೆಸುತ್ತಿದ್ದರು. ಯಾವ ಸಸಿ ಬೇಕೆಂಬುದನ್ನು ಕೂಲಿಯಾಳು ನಿರ್ಧರಿಸುವುದಿಲ್ಲ. ಅವರ ಜ್ಞಾನವನ್ನು ಕೇಳಿ ಯೋಜನೆ ಬರೆದಿದ್ದರೆ ಈ ಗುಡ್ಡಗಳು ಇಂದು ಹೇಗಿರುತ್ತಿದ್ದವೋ ಎಂದು ನಾನು ಯೋಚಿಸುತ್ತೇನೆ.

2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಎರಡು ತಿಂಗಳು ಕಳೆಯುವುದರೊಳಗೆ, 2025ರ ಫೆಬ್ರವರಿ 13ರಂದು, ಅದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಒಬ್ಬರಲ್ಲಿ ಮರಗಳ ನೆನಪು, ಇನ್ನೊಬ್ಬರಲ್ಲಿ ಹಾಡುಗಳ ನೆನಪು. ಒಂದೇ ಮಳೆಗಾಲವೂ ನಡುವೆ ಬರಲಿಲ್ಲ.

ನಮ್ಮ ಬೇವಿನ ವಿಷಯ ಹೇಳಿ ಮುಗಿಸುತ್ತೇನೆ. ಈಗ ನಾವು ಹಣ್ಣು ಬಿದ್ದ ವಾರದಲ್ಲೇ ತಿರುಳು ತೊಳೆದು, ನೆರಳಿನಲ್ಲಿ ಆರಿಸಿ, ಆಗಲೇ ಬಿತ್ತುತ್ತೇವೆ. ಮೊಳೆಯುತ್ತವೆ. ಆದರೆ ಕಮರ, ಬನ್ನಿ, ಹೊಂಗೆಗಳಲ್ಲಿ ನಮ್ಮೂರ ತಾಯಿಮರಗಳು ಯಾವುವೆಂದು ನನಗಿನ್ನೂ ತಿಳಿಯದು. ನನ್ನೊಡನೆ ಮೂವರು ವಿದ್ಯಾರ್ಥಿಗಳು ಬಂದಿದ್ದಾರೆ. ಅವರ ಕೈಯಲ್ಲಿ ನೋಟುಬುಕ್ಕುಗಳಿವೆ. ಈ ಸಭೆಯಲ್ಲಿ ನರ್ಸರಿಯಲ್ಲಿ ದುಡಿದ ತಾಯಂದಿರು ಯಾರಾದರೂ ಇದ್ದರೆ, ಊಟವಾದ ಮೇಲೆ ಈ ಮಕ್ಕಳ ಜೊತೆ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ಮರವನ್ನು ಹೇಗೆ ಆರಿಸುತ್ತೀರಿ ಎಂಬುದು ಅವರ ಮೊದಲ ಪ್ರಶ್ನೆ.