ಮೂಲ ಕೆಡುವ ಮೊದಲೇ ತದ್ರೂಪು
(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



1983ರಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಸಮೀಪದ ಕಾಡಿನಲ್ಲಿ ಜನರು ಮರಗಳನ್ನು ಅಪ್ಪಿಕೊಂಡು ನಿಂತಾಗ ಚಳವಳಿಯ ದಾಖಲೆಗಳೆಂದರೆ ಕಾಗದಗಳು: ಕರಪತ್ರ, ಮನವಿಪತ್ರ, ಛಾಯಾಚಿತ್ರ. ಅವುಗಳಿಗೆ ಗೆದ್ದಲು ಹಿಡಿಯುತ್ತಿತ್ತು, ಮಳೆಗಾಲದಲ್ಲಿ ಬೂಸಲು ಬರುತ್ತಿತ್ತು. ಆದರೂ ಮೂಲೆ ಸವೆದ ಹಾಳೆಯಲ್ಲಿ ಉಳಿದ ಸಾಲುಗಳನ್ನು ಓದಬಹುದಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ ನಂತರ ಪಡೆದ ಉತ್ತರಗಳು, ಸಾರ್ವಜನಿಕ ಅಹವಾಲು ಸಭೆಗಳ ಚಿತ್ರಗಳು, ಹಳ್ಳದ ನೀರಿನ ಅಳತೆ, ಮಳೆಯ ಲೆಕ್ಕ ಇವೆಲ್ಲ ಬಹುಪಾಲು ಸೇರಿರುವುದು ಕಂಪ್ಯೂಟರಿನ ಹಾರ್ಡ್ ಡಿಸ್ಕಿನೊಳಗೆ. ಡಿಸ್ಕು ಗೆದ್ದಲಿನಂತೆ ಮುನ್ಸೂಚನೆ ಕೊಟ್ಟೇ ಕೆಡುತ್ತದೆಂಬ ಭರವಸೆಯಿಲ್ಲ. ಮುಂಗಾರಿನ ಮೊದಲ ಸಿಡಿಲಿಗೇ ಅದು ಮೌನವಾಗಬಹುದು.

ಕಡತಗಳನ್ನು ಪೆನ್ ಡ್ರೈವಿಗೆ ನಕಲಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಚಿತ್ರಗಳಿಗೆ ಸಾಕು, ಕನ್ನಡ ಬರಹಗಳಿಗೆ ಸಾಲದು. 2000ದ ದಶಕದ ಅನೇಕ ಮನವಿಗಳು, ವರದಿಗಳು ಯೂನಿಕೋಡ್‌ನಲ್ಲಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿವೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಡಿಸ್ಕನ್ನೇ ಇಡಿಯಾಗಿ ತದ್ರೂಪು ಮಾಡಿದರೆ ಕಡತದೊಡನೆ ಅಕ್ಷರಶೈಲಿಯೂ, ಅದನ್ನು ತೆರೆಯುವ ತಂತ್ರಾಂಶವೂ ಬರುತ್ತವೆ. (ವೈರಸ್ಸೂ ಬರುತ್ತದೆ ಎಂಬುದನ್ನು ಮರೆಯಬಾರದು.)

ಹಾಗಾದರೆ ಈ ಕೆಲಸಕ್ಕೆ ಯಾವ ತಂತ್ರಾಂಶ? ಒಂದು ಕಾಲದಲ್ಲಿ ಈ ಪ್ರಶ್ನೆಗೆ ‘ಘೋಸ್ಟ್’ ಎಂಬುದೊಂದೇ ಉತ್ತರವಾಗಿತ್ತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಅದನ್ನು 1998ರಲ್ಲಿ ಸಿಮ್ಯಾಂಟೆಕ್ ಸಂಸ್ಥೆ ಕೊಂಡುಕೊಂಡಿತು. 2013ರಲ್ಲಿ ನಾರ್ಟನ್ ಘೋಸ್ಟ್‌ನ ಮಾರಾಟ ನಿಂತಿತು. ಅದರ ಇಮೇಜ್ ಕಡತಗಳಲ್ಲಿ ದಾಖಲೆಗಳನ್ನು ತುಂಬಿಟ್ಟವರು ಅವನ್ನು ಬಿಡಿಸಲು ಅದೇ ಹಳೆಯ ತಂತ್ರಾಂಶವನ್ನು ಹುಡುಕಬೇಕು. ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯೂ ಹೀಗೆಯೇ ಹಿಂತೆಗೆಯಲ್ಪಟ್ಟಿತು. ಉಚಿತವಾಗಿ ಸಿಗುವುದೂ ಮುಕ್ತವಾಗಿರುವುದೂ ಒಂದೇ ಅಲ್ಲ. ಮೂವತ್ತು ವರ್ಷ ಉಳಿಯಬೇಕಾದ ದಾಖಲೆಯ ಬೀಗದ ಕೈ ಕಂಪೆನಿಯೊಂದರ ಜೇಬಿನಲ್ಲಿರುವುದು ಉಚಿತವಲ್ಲ.

ಈ ದೃಷ್ಟಿಯಿಂದ ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಯೋಗ್ಯವಾದುದು. ಅದರ ಮೂಲಸಂಕೇತ ಎಲ್ಲರಿಗೂ ತೆರೆದಿದೆ. ಪೆನ್ ಡ್ರೈವಿನಿಂದಲೇ ಯಂತ್ರವನ್ನು ಆರಂಭಿಸಿ ನಡೆಸಬಹುದಾದ್ದರಿಂದ ವಿಂಡೋಸ್ ಕೆಟ್ಟಿದ್ದರೂ, ಯಂತ್ರ ಹಳೆಯದಾದರೂ ನಡೆಯುತ್ತದೆ. ಪರಿಚಿತ ಕಡತ ವ್ಯವಸ್ಥೆಗಳಲ್ಲಿ ಬಳಕೆಯಾದ ಭಾಗವನ್ನು ಮಾತ್ರ ನಕಲಿಸುವುದರಿಂದ ಸಮಯವೂ ಉಳಿಯುತ್ತದೆ. ದೋಷಗಳೂ ಇವೆ. ಪರದೆಯ ಮೇಲೆ ಬರುವುದು ಬರಿಯ ಅಕ್ಷರಗಳ ಪಟ್ಟಿ, ಆಯ್ಕೆಯೆಲ್ಲ ಕೀಲಿಮಣೆಯಿಂದಲೇ. ಸಾಮಾನ್ಯವಾಗಿ ಹೊಸ ಡಿಸ್ಕು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 500 ಜಿಬಿ ಡಿಸ್ಕಿನಲ್ಲಿ 60 ಜಿಬಿ ಮಾತ್ರ ತುಂಬಿದ್ದರೂ 240 ಜಿಬಿಯ ಎಸ್‌ಎಸ್‌ಡಿಗೆ ಅದು ನೇರವಾಗಿ ಇಳಿಯದು. ಮೊದಲು ವಿಭಾಗಗಳನ್ನು ಕಿರಿದುಗೊಳಿಸಬೇಕು. ಈ ಒಂದು ವಿಷಯದಲ್ಲಿ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳು ಸುಲಭವೆಂಬುದನ್ನು ಒಪ್ಪಬೇಕು.

ಕಟಕಟ ಸದ್ದು ಮಾಡುವ, ಓದುವಾಗ ತಡವರಿಸುವ ಡಿಸ್ಕಿನ ಮಾತು ಬೇರೆ. ಅದರ ಮೇಲೆ ಸಾಮಾನ್ಯ ನಕಲು ತಂತ್ರಾಂಶವನ್ನು ಮತ್ತೆ ಮತ್ತೆ ಓಡಿಸುವುದು ಜ್ವರದಲ್ಲಿರುವವನನ್ನು ಘಟ್ಟ ಹತ್ತಿಸಿದಂತೆ. ಅಂಥದಕ್ಕೆ ಗ್ನೂ ಡಿಡಿರೆಸ್ಕ್ಯೂ ಇದೆ. ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಪ್ರತ್ಯೇಕ ಕಡತದಲ್ಲಿ ಬರೆದಿಡುವುದರಿಂದ ನಡುವೆ ವಿದ್ಯುತ್ ಹೋದರೂ ಕೆಲಸ ಮುಂದುವರಿಸಬಹುದು. ಮಲೆನಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಯಾವ ತಂತ್ರಾಂಶವಾದರೂ ಅತಿ ದೊಡ್ಡ ಅಪಾಯ ಒಂದೇ: ಮೂಲ ಯಾವುದು, ಗುರಿ ಯಾವುದು ಎಂಬ ಗೊಂದಲ. ಅದಲು ಬದಲಾದರೆ ಖಾಲಿ ಡಿಸ್ಕಿನ ತದ್ರೂಪು ದಾಖಲೆಗಳ ಮೇಲೆಯೇ ಬರೆಯಲ್ಪಡುತ್ತದೆ. ಎರಡೂ ಡಿಸ್ಕುಗಳ ಗಾತ್ರ ಮತ್ತು ಕ್ರಮಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡು, ಇಬ್ಬರು ಕುಳಿತು ಪರದೆಯನ್ನು ಗಟ್ಟಿಯಾಗಿ ಓದಿ ಒಪ್ಪಿಗೆ ನೀಡುವುದು ಕ್ಷೇಮ.

ತದ್ರೂಪಾದ ಮೇಲೆ ಹಳೆಯ ಡಿಸ್ಕನ್ನು ಬಿಚ್ಚಿಟ್ಟು ಹೊಸದರಿಂದಲೇ ಯಂತ್ರವನ್ನು ಆರಂಭಿಸಿ, ನಾಲ್ಕಾರು ಹಳೆಯ ಕಡತಗಳನ್ನು ತೆರೆದು ನೋಡಬೇಕು. ನಂತರ ಒಂದು ಪ್ರತಿ ಕಚೇರಿಯಲ್ಲಿದ್ದರೆ ಇನ್ನೊಂದು ಬೇರೆ ಊರಿನ ಮನೆಯಲ್ಲಿರಲಿ, ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವುದು ಬೇಡ. ಹೊಗೆ, ಶಾಖ ಅಡಿಕೆಗೆ ಒಗ್ಗೀತು, ಡಿಸ್ಕಿಗೆ ಒಗ್ಗದು. ಪ್ರತಿವರ್ಷ ಮಳೆ ಹಿಡಿಯುವ ಮೊದಲು ಒಮ್ಮೆ ಅದನ್ನು ಹೊರತೆಗೆದು, ಯಂತ್ರಕ್ಕೆ ಜೋಡಿಸಿ ನೋಡಿ, ಆ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡಬೇಕು.