ಸವಾಲ್, ಜವಾಬ್ ಮತ್ತು ಜವಾಬ್ದಾರಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)





ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುವ ನನಗೆ ಎರಡು ಶಬ್ದಗಳು ಸದಾ ಕಾಡುತ್ತವೆ. ಉರ್ದುವಿನಲ್ಲಿ ‘ಸವಾಲ್’ ಎಂದರೆ ಪ್ರಶ್ನೆ. ಅದೇ ಶಬ್ದ ಕನ್ನಡಕ್ಕೆ ಬಂದು ‘ಸವಾಲು’ ಆದಾಗ, ತೊಡೆ ತಟ್ಟಿ ಪಂಥಕ್ಕೆ ಕರೆಯುವುದು ಎಂಬ ಅರ್ಥ ಪಡೆಯಿತು. ‘ಜವಾಬ್’ ಎಂದರೆ ಉತ್ತರ. ಅದರಿಂದ ಬಂದದ್ದು ‘ಜವಾಬ್ದಾರ’, ಅಂದರೆ ಉತ್ತರ ಕೊಡಬೇಕಾದವನು. ನಾವು ದಿನವೂ ಬಳಸುವ ‘ಜವಾಬ್ದಾರಿ’ ಎಂಬ ಮಾತಿನೊಳಗೆ ಉತ್ತರ ಕೊಡುವ ಕರ್ತವ್ಯ ಅಡಗಿದೆ. ಕೇಳುವವರೇ ಇಲ್ಲದಿದ್ದರೆ ಆ ಕರ್ತವ್ಯವನ್ನು ನೆನಪಿಸುವವರು ಯಾರು? ಈ ಕೆಲಸಕ್ಕಾಗಿಯೇ ಪ್ರಜಾಪ್ರಭುತ್ವದಲ್ಲಿ ವಿರೋಧ ಪಕ್ಷವೆಂಬುದು ಇದೆ. ಉರ್ದುವಿನಲ್ಲಿ ಅದನ್ನು ‘ಹಿಜ್ಬೆ ಇಖ್ತಿಲಾಫ್’ ಎನ್ನುತ್ತಾರೆ. ಇಖ್ತಿಲಾಫ್ ಎಂದರೆ ಭಿನ್ನಾಭಿಪ್ರಾಯ, ಹಗೆತನವಲ್ಲ.

ದೂರದ ಉದಾಹರಣೆ ಬೇಡ, ನಮ್ಮ ಭಾಗದ್ದನ್ನೇ ನೋಡಿ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಬಂದಳು. ಪಟ್ಟದಕಲ್ಲು, ಐಹೊಳೆಗಳಿಗೂ ನೀರು ನುಗ್ಗಿತು. ಹೊಳೆದಂಡೆಯ ಹಳ್ಳಿಗಳಲ್ಲಿ ಮನೆಗಳು ಕುಸಿದವು, ಬೆಳೆ ಕೊಚ್ಚಿಹೋಯಿತು. ಆಗ ರಾಜ್ಯದಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಒಬ್ಬರೇ ಇದ್ದರು. ಜುಲೈ 26ರಂದು ಅವರು ಪ್ರಮಾಣ ವಚನ ಸ್ವೀಕರಿಸಿದ್ದರೂ, ಇತರ ಮಂತ್ರಿಗಳು ಬಂದದ್ದು ಆಗಸ್ಟ್ 20ರಂದು.

ನೆರೆಯ ಬಾದಾಮಿ ಕ್ಷೇತ್ರದ ಶಾಸಕರಾಗಿದ್ದವರು ಸಿದ್ದರಾಮಯ್ಯನವರು. 2018ರಲ್ಲಿ ಅವರು ಇಲ್ಲಿ ಗೆದ್ದದ್ದು ಕೇವಲ 1,696 ಮತಗಳಿಂದ. 2019ರ ಅಕ್ಟೋಬರ್‌ನಲ್ಲಿ ಅವರು ವಿಧಾನಸಭೆಯ ವಿರೋಧ ಪಕ್ಷದ ನಾಯಕರಾದರು. ಆ ತಿಂಗಳ 10ರಿಂದ ಬೆಂಗಳೂರಿನಲ್ಲಿ ಅಧಿವೇಶನ ಸೇರಿದ್ದು ಮೂರೇ ದಿನ. ಖಾಸಗಿ ಟಿ.ವಿ. ಕ್ಯಾಮರಾಗಳನ್ನು ಸದನದೊಳಗೆ ಬಿಡಲಿಲ್ಲ. ಆ ಮೂರು ದಿನಗಳಲ್ಲಿ ವಿರೋಧ ಪಕ್ಷವು ನೆರೆ ಪರಿಹಾರದ ವಿಷಯವನ್ನೇ ಮುಂದಿಟ್ಟಿತು. ಹಾನಿ ಸಾವಿರಾರು ಕೋಟಿ ಎಂದು ಸರಕಾರವೇ ಲೆಕ್ಕ ಹಾಕಿದೆ, ಕೇಂದ್ರದಿಂದ ಮೊದಲು ಬಂದದ್ದು 1,200 ಕೋಟಿ. ಉಳಿದದ್ದು ಎಲ್ಲಿ, ಯಾವಾಗ? ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಘೋಷಿಸಿದಿರಿ, ಎಷ್ಟು ಮನೆಗಳಿಗೆ ಮುಟ್ಟಿತು? ಗೋಡೆ ಬಿದ್ದ ಮನೆಯ ಮುಂದೆ ಕುಳಿತ ತಾಯಿಗೆ ಬೆಂಗಳೂರಿನ ಸದನಕ್ಕೆ ಹೋಗಲು ಆಗುವುದಿಲ್ಲ. ಅವಳ ಪ್ರಶ್ನೆ ಅಲ್ಲಿಗೆ ಹೋಗುವುದು ಇಂತಹ ಬಾಯಿಗಳಿಂದಲೇ.

ಇನ್ನು ದಿಲ್ಲಿಯ ಮಾತು. 2014ರ ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದದ್ದು 44 ಸ್ಥಾನ. ವಿರೋಧ ಪಕ್ಷದ ನಾಯಕನೆಂಬ ಅಧಿಕೃತ ಮನ್ನಣೆಗೆ ಸದನದ ಹತ್ತನೆಯ ಒಂದು ಭಾಗ, ಅಂದರೆ 55 ಸ್ಥಾನ ಬೇಕೆಂದು ಹೇಳಿ ಆ ಮನ್ನಣೆ ಕೊಡಲಿಲ್ಲ. ಆಗ ಆ ಪಕ್ಷದ ಮುಂದಾಳಾಗಿ ಲೋಕಸಭೆಯಲ್ಲಿ ಎದ್ದು ನಿಂತು ಕೇಳುತ್ತಿದ್ದವರು ನಮ್ಮ ಕಲಬುರಗಿಯ ಸಂಸದ ಮಲ್ಲಿಕಾರ್ಜುನ ಖರ್ಗೆಯವರು. ಮುಂದೆ ಅವರು ಸರಕಾರದ ಖರ್ಚನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾದರು. 2021ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾದರು. ಸಂಖ್ಯೆ ಕಡಿಮೆಯಾದರೆ ಪದವಿ ಹೋಗಬಹುದು, ಕೇಳುವ ಹಕ್ಕು ಹೋಗುವುದಿಲ್ಲ.

ಕೆಲವರು ಹೇಳುತ್ತಾರೆ: ‘ಸಾರ್, ಸದನದಲ್ಲಿ ನಡೆಯುವುದು ಬರೀ ಗದ್ದಲ.’ ಗದ್ದಲ ನಡೆಯುವುದು ನಿಜ. ಸದನದ ಬಾವಿಗಿಳಿದು ಕೂಗಿದರೆ ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆದರೆ ಮಂತ್ರಿಯನ್ನು ನಿಜವಾಗಿ ಕಟ್ಟಿಹಾಕುವುದು ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಎದ್ದು ಉತ್ತರಿಸಬೇಕು. ಆ ಉತ್ತರದ ಮೇಲೆ ಪೂರಕ ಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಬರುತ್ತದೆ. ಒಮ್ಮೆ ದಾಖಲಾದ ಉತ್ತರವನ್ನು ನಾಳೆ ‘ನಾನು ಹಾಗೆ ಹೇಳಲಿಲ್ಲ’ ಎಂದು ತಳ್ಳಿಹಾಕಲು ಬರುವುದಿಲ್ಲ.

ಕೇಳುವವನು ಶತ್ರುವಲ್ಲ ಎಂಬುದನ್ನು ನಮ್ಮ ಹಿರಿಯರೂ ಕಲಿಸಿದ್ದಾರೆ. ಖಲೀಫ ಹಜ್ರತ್ ಉಮರ್ (ರ.ಅ.) ಅವರ ಪ್ರಸಂಗ ನೀವು ಕೇಳಿರಬಹುದು. ಎಲ್ಲರಿಗೂ ಒಂದೊಂದು ತುಂಡು ಬಟ್ಟೆ ಹಂಚಿಕೆಯಾಗಿತ್ತು. ಖಲೀಫರ ಮೈಮೇಲಿನ ಅಂಗಿ ಮಾತ್ರ ಎರಡು ತುಂಡಿನದು. ತುಂಬಿದ ಸಭೆಯಲ್ಲಿ ಒಬ್ಬರು ಎದ್ದು ಅದರ ಲೆಕ್ಕ ಕೇಳಿದರು. ಖಲೀಫರು ಸಿಟ್ಟಾಗಲಿಲ್ಲ. ತಂದೆಗೆ ತನ್ನ ಪಾಲನ್ನು ಕೊಟ್ಟಿದ್ದೇನೆಂದು ಮಗ ಅಬ್ದುಲ್ಲಾ ಸಾಕ್ಷಿ ಹೇಳಿದರು. ಕೇಳಿದವರು ಸಮಾಧಾನಗೊಂಡ ಮೇಲೆಯೇ ಮಾತು ಮುಂದುವರಿಯಿತು.

ಒಂದು ಮಾತನ್ನು ಮರೆಯಬಾರದು. ಕೇಳುವ ಕುರ್ಚಿ, ಉತ್ತರಿಸುವ ಕುರ್ಚಿ ಯಾರಿಗೂ ಶಾಶ್ವತವಲ್ಲ. ನೆರೆ ಪರಿಹಾರ ಕೇಳಿದ ಸಿದ್ದರಾಮಯ್ಯನವರು 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದರು. ಅದೇ ವರ್ಷ ನವೆಂಬರ್‌ನಲ್ಲಿ ಆರ್. ಅಶೋಕ ಅವರು ವಿರೋಧ ಪಕ್ಷದ ನಾಯಕರಾಗಿ ಕೇಳುವ ಕುರ್ಚಿಗೆ ಬಂದರು. ನಾವು ಮತ ಹಾಕಿದ ಪಕ್ಷ ಅಧಿಕಾರದಲ್ಲಿದ್ದಾಗ ಪ್ರಶ್ನೆ ಕೇಳಿದವರನ್ನು ದೂಷಿಸುವುದು, ಇಲ್ಲದಾಗ ಹೊಗಳುವುದು ನ್ಯಾಯವಲ್ಲ. ಯಾರೇ ಆ ಕುರ್ಚಿಯಲ್ಲಿರಲಿ, ಅಧಿಕಾರ ಒಂದು ಅಮಾನತ್. ಅಮಾನತ್ತಿಗೆ ಲೆಕ್ಕವುಂಟು.

ವಿದ್ಯಾರ್ಥಿಗಳೇ, ಐಹೊಳೆಯ ಲಾಡಖಾನ್ ಗುಡಿಯನ್ನು ನೀವೆಲ್ಲ ನೋಡಿದ್ದೀರಿ. ಹಿಂದೆ ಅಲ್ಲಿ ವಾಸವಿದ್ದ ಲಾಡಖಾನ್ ಎಂಬವರ ಹೆಸರೇ ಆ ಗುಡಿಗೆ ಉಳಿಯಿತು. ಅದು ಮೊದಲು ಊರವರು ಕೂಡುವ ಸಭಾಮಂಟಪವಾಗಿತ್ತೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ, ಕೂಡಿ ಕುಳಿತು ಕೇಳುವುದು ಈ ಮಣ್ಣಿಗೆ ಹೊಸದಲ್ಲ. ಆ ಗುಡಿಗಳ ಮಗ್ಗುಲಲ್ಲೇ ಇರುವ ಮನೆಗಳನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತನ್ನು ನಾವು ದಶಕಗಳಿಂದ ಕೇಳುತ್ತ ಬಂದಿದ್ದೇವೆ. ಅದರ ಬಗ್ಗೆ ನೀವು ಹೇಗೆ ಪ್ರಶ್ನೆ ಕೇಳುವಿರಿ? ‘ಸ್ಥಳಾಂತರ ಯಾವಾಗ?’ ಎಂದರೆ ‘ಶೀಘ್ರದಲ್ಲಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಎಷ್ಟು ಕುಟುಂಬಗಳ ಸಮೀಕ್ಷೆಯಾಗಿದೆ? ಯಾವ ವರ್ಷ ಎಷ್ಟು ಹಣ ಬಿಡುಗಡೆಯಾಗಿದೆ? ಎಷ್ಟು ಖರ್ಚಾಗಿದೆ? ಉಳಿದದ್ದು ಯಾರ ಬಳಿ ಇದೆ?’ ಎಂದು ಕೇಳಿ. ನುಣುಚಿಕೊಳ್ಳಲು ದಾರಿ ಇರುವುದಿಲ್ಲ.

ಇದನ್ನು ಕೇಳಲು ಶಾಸಕರೇ ಆಗಬೇಕಿಲ್ಲ. ಗ್ರಾಮಸಭೆಯಲ್ಲಿ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ನಮ್ಮ ಸಮಾಜದಲ್ಲಿ ಅನೇಕರು ವಿದ್ಯಾರ್ಥಿವೇತನದ ಹಣ ಬರದಿದ್ದರೆ ‘ನಸೀಬ್’ ಎಂದು ಸುಮ್ಮನಾಗುತ್ತಾರೆ. ಮಕ್ಕಳೇ, ನಸೀಬಿನ ಮೇಲೆ ಹಾಕುವ ಮೊದಲು ಕಚೇರಿಗೆ ಒಂದು ಅರ್ಜಿ ಹಾಕಿ.

ಇದರ ಅಭ್ಯಾಸ ಶುರುವಾಗುವುದು ತರಗತಿಯಲ್ಲಿ. ತಿಳಿಯದಿದ್ದಾಗ ಕೈ ಎತ್ತಿ. ಹೆಣ್ಣುಮಕ್ಕಳೂ ಎತ್ತಲಿ. ಶಿಕ್ಷಕರಾದ ನಾವೂ ಆ ಸವಾಲನ್ನು ಉರ್ದುವಿನ ಅರ್ಥದಲ್ಲೇ ತೆಗೆದುಕೊಳ್ಳೋಣ, ಪಂಥವೆಂದು ತಿಳಿಯುವುದು ಬೇಡ. ಜವಾಬು ಗೊತ್ತಿಲ್ಲದಿದ್ದರೆ ‘ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ’ ಎನ್ನೋಣ, ಮರುದಿನ ಮರೆಯದೆ ಹೇಳೋಣ. ಜವಾಬ್ದಾರಿ ಎಂದರೆ ಅದೇ.